ಐದಕ್ಕೊಂದು ಗೇರಿನ ಅಂಬಾರಿ

ಮನೆಯೊಳಗೆ ಗೇರ್‌ಬಾಕ್ಸ್ ಸಾಕಿಕೊಂಡವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಹೆಚ್ಚು. ಅಮೆರಿಕದ ಸ್ಟರ್ಲಿಂಗಿನ ನಮ್ಮ ಟೌನ್‌ಹೌಸಿನಲ್ಲಿ ಕೋವಿಡ್ ವರ್ಷದಿಂದ ಡೈನಿಂಗ್ ಟೇಬಲ್ ಮೇಲೆ ರಿಮೋಟಿನಿಂದ ಓಡುವ ಒಂದು ಆಟಿಕೆ ಯುದ್ಧಟ್ಯಾಂಕ್ ಬೀಡುಬಿಟ್ಟಿದೆ. ನಾವು ಸೋಫಾದ ಮೇಲೆ ತಟ್ಟೆ ಹಿಡಿದು ಊಟ ಮಾಡುತ್ತೇವೆ. ಕಳೆದ ವರ್ಷ ಹೆಂಡತಿಯ ತಾಳ್ಮೆ ಮುಗಿಯಿತು.

"ದಸರಾ ಒಳಗೆ ಇದರಿಂದ ಮನೆಗೆ ಏನಾದ್ರೂ ಉಪಯೋಗ ತೋರಿಸಿ. ಇಲ್ಲಾಂದ್ರೆ ಟ್ಯಾಂಕೂ ನೀವೂ ಗರಾಜಿಗೆ."

ಇಲ್ಲಿಯ ಚಳಿಗಾಲದಲ್ಲಿ ಗರಾಜಿನಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ, ನಾನೂ ಆಗುತ್ತೇನೆ. ನಿಜವಾಗಿ ಹೆದರಿದೆ. "ನಿನ್ನ ಗೊಂಬೆ ಹಬ್ಬದ ಆನೆಯನ್ನ ನಡೆಸ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಬಂದ ಮರದ ಆನೆ ಅದು, ಬೆನ್ನ ಮೇಲೆ ಅಂಬಾರಿ. ಟ್ಯಾಂಕಿನ ಮೇಲ್ಭಾಗ ತೆಗೆದು ಆನೆಯನ್ನು ಕೂರಿಸಿದರೆ ಜಂಬೂ ಸವಾರಿ ತಯಾರು.

ಮೂರೋ ಐದೋ

ಹಳೆಯ ಗೇರುಗಳು ಪ್ಲಾಸ್ಟಿಕ್ಕಿನವು, ಹಲ್ಲು ಉದುರಿದ್ದವು. ಹೊಸದರಲ್ಲಿ ಎರಡು ಬಗೆ ಇದ್ದವು: ಮೂರಕ್ಕೊಂದು, ಮೋಟಾರು ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಅಂದರೆ ವೇಗ; ಐದಕ್ಕೊಂದು ಅಂದರೆ ನಿಧಾನ, ಆದರೆ ಶಕ್ತಿ ಜಾಸ್ತಿ. ಎರಡು ವಾರ ಸ್ಪ್ರೆಡ್‌ಶೀಟ್ ಮಾಡಿದೆ. ಕೊನೆಗೆ ಇದೇ ಹುಚ್ಚಿರುವ ಜರ್ಮನ್‌ಟೌನಿನ ಗೆಳೆಯನಿಗೆ ಫೋನ್ ಮಾಡಿದೆ.

"ಅಂಬಾರಿ ಹೊತ್ತ ಆನೆ ಎಲ್ಲಾದ್ರೂ ಓಡುತ್ತೇನೋ? ಐದಕ್ಕೊಂದು ಆರ್ಡರ್ ಮಾಡು" ಎಂದ.

ಮಾಡಿದೆ. ಬಂತು. ಕೂರಿಸಿ, ಹೆಂಡತಿಯನ್ನು ಕರೆದು, ರಿಮೋಟ್ ಮೆಲ್ಲಗೆ ಒತ್ತಿದೆ. ಅವಳು ಕೈಕಟ್ಟಿ ನಿಂತಳು.

"ಆನ್ ಮಾಡ್ರೀ, ನಂಗೆ ಮೀಟಿಂಗ್ ಇದೆ."

"ಹೊರಟು ಒಂದು ನಿಮಿಷ ಆಯ್ತು ಕಣೇ."

ಮಿಕ್ಸಿ

ಹೊಸ ಗೇರುಗಳು ಉಕ್ಕಿನವು. ಉಕ್ಕು ಉಕ್ಕಿಗೆ ತಾಗಿದಾಗ ಎಂಥ ಸದ್ದು ಬರುತ್ತದೆಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿರಲಿಲ್ಲ. ಒಂದು ಸೋಮವಾರ ಆಫೀಸಿನ ಕಾಲ್ ನಡೆಯುತ್ತಿರುವಾಗಲೇ ಮೈಕ್ ಮ್ಯೂಟ್ ಆಗಿದೆ ಎಂದುಕೊಂಡು ಟ್ಯಾಂಕನ್ನು ಮೊದಲ ಸಲ ಪೂರ್ತಿ ವೇಗದಲ್ಲಿ ಓಡಿಸಿದೆ. ಮ್ಯೂಟ್ ಆಗಿರಲಿಲ್ಲ. ನಮ್ಮ ಮ್ಯಾನೇಜರ್ ಮಾತು ನಿಲ್ಲಿಸಿ, ಯಾರೋ ಕಾಫಿ ಬೀಜ ಪುಡಿ ಮಾಡುತ್ತಿದ್ದಾರೆ, ದಯವಿಟ್ಟು ಮುಗಿಸಿಕೊಂಡು ಬನ್ನಿ ಎಂದರು. ಅದೇ ಹೊತ್ತಿಗೆ ಮಹಡಿಯಿಂದ ಹೆಂಡತಿಯ ಕೂಗು: "ರೀ, ಖಾಲಿ ಮಿಕ್ಸಿ ಯಾಕ್ರೀ ಓಡಿಸ್ತಿದೀರಾ?"

ಹನ್ನೊಂದು ಜನರಿದ್ದ ಆ ಕಾಲ್‌ನಲ್ಲಿ ಕನ್ನಡ ಬಲ್ಲವರು ನಾಲ್ವರು. ಇವತ್ತಿಗೂ ಆ ನಾಲ್ವರು ನನ್ನನ್ನು ಕಂಡರೆ ಚಟ್ನಿ ಆಯ್ತಾ ಎಂದು ಕೇಳುತ್ತಾರೆ.

ಕಾಗದದ ಚೂರು

ಸದ್ದಿಗೆ ಗೆಳೆಯ ಮದ್ದು ಹೇಳಿದ: ಎರಡು ಗೇರುಗಳ ನಡುವೆ ತೆಳು ಕಾಗದ ಇಟ್ಟು ಸ್ಕ್ರೂ ಬಿಗಿ, ಆಮೇಲೆ ಕಾಗದ ಎಳೆದುಬಿಡು, ಎಷ್ಟು ಬೇಕೋ ಅಷ್ಟೇ ಸಂದಿ ಉಳಿಯುತ್ತದೆ. ಕೈಗೆ ಸಿಕ್ಕ ಹಾಳೆಯ ತುದಿ ಕತ್ತರಿಸಿ ಇಟ್ಟೆ. ಗೇರು ಬೆಣ್ಣೆಯ ಹಾಗೆ ತಿರುಗಿತು.

ವಾರದ ನಂತರ ಹೆಂಡತಿಗೆ ಪಕ್ಕದೂರಿನ ಫೇರ್‌ಫ್ಯಾಕ್ಸ್ ಆಂಟಿಯ ಫೋನ್. "ಏನಮ್ಮಾ, ಈ ಸಲ ಗೊಂಬೆಗೆ ಎಲ್ಲರನ್ನೂ ಕರೆದಿದೀಯಂತೆ, ನಮ್ಮನ್ನ ಬಿಟ್ಟೆ?"

ಹೆಂಡತಿ ಗಾಬರಿಯಾಗಿ ಕರೆಯಬೇಕಾದವರ ಪಟ್ಟಿ ಹುಡುಕಿದಳು. ಪಟ್ಟಿಯ ಕೆಳತುದಿ ಇರಲಿಲ್ಲ. ಅದು ನನ್ನ ಸ್ಕ್ರೂ ಡಬ್ಬಿಯಲ್ಲಿತ್ತು, ಆಂಟಿಯ ಹೆಸರಿನ ಮೇಲೆ ಸಾಲಾಗಿ ಹಲ್ಲಿನ ಗುರುತು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಇಲ್ಲ ಆಂಟಿ, ನಿಮ್ಮನ್ನ ಟ್ಯಾಂಕಿಗೆ ಹಾಕಿಬಿಟ್ಟಿದ್ರು."

ಜಂಬೂ ಸವಾರಿ

ಗೊಂಬೆ ಹಬ್ಬದ ಮೊದಲ ದಿನ ಬೆಳಿಗ್ಗೆ ಆನೆ ಸೊಗಸಾಗಿ ನಡೆದಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಇನ್ನೊಂದು ತೊಟ್ಟು ಗ್ರೀಸ್ ಹಾಕೋಣವೆಂದು ಬಿಚ್ಚಿ ಮತ್ತೆ ಜೋಡಿಸಿದೆ.

ಸಂಜೆ ಮನೆ ತುಂಬ ರೇಷ್ಮೆ ಸೀರೆಗಳು. ಹೆಂಡತಿ ನನ್ನತ್ತ ನೋಡಿದಳು. ಟೇಬಲ್ಲೋ ಗರಾಜೋ, ಈಗಲೇ ತೀರ್ಮಾನ. ರಿಮೋಟ್ ಮುಂದಕ್ಕೆ ಒತ್ತಿದೆ. ಆನೆ ಮುಂದೆ ಹೋಗಲಿಲ್ಲ. ನಿಂತಲ್ಲೇ ಗಿರ‍್ರನೆ ಅಲ್ಲ, ಐದಕ್ಕೊಂದರ ಗಾಂಭೀರ್ಯದಿಂದ, ಮೆಲ್ಲಗೆ ತಿರುಗತೊಡಗಿತು. ಎಡಕ್ಕೊಂದು ಬಲಕ್ಕೊಂದು ಮೋಟಾರು. ಒಂದರ ವೈರ್ ಉಲ್ಟಾ ಹಾಕಿದ್ದೆ.

ಫೇರ್‌ಫ್ಯಾಕ್ಸ್ ಆಂಟಿ ಎದ್ದು ನಿಂತರು. "ಅಯ್ಯೋ, ಆತ್ಮಪ್ರದಕ್ಷಿಣೆ ಹಾಕ್ತಿದೆ ನೋಡ್ರೇ!" ಎಲ್ಲರೂ ಕೈ ಮುಗಿದರು. ಒಬ್ಬರು ಅಕ್ಷತೆ ಹಾಕಿದರು. ನಾಲ್ಕು ಜನ ವಿಡಿಯೊ ಮಾಡಿದರು. ಮೂರು ಸುತ್ತು ಮುಗಿಸಿ ನಿಲ್ಲಿಸಿದಾಗ ನನಗೂ ಭಕ್ತಿ ಬಂದಿತ್ತು.

ಮರುದಿನ ನಾಚಿಕೆಯಿಂದ ವೈರ್ ಸರಿಮಾಡಿದೆ. ಸಂಜೆ ಬಂದವರೆಲ್ಲ ವಿಡಿಯೊ ನೋಡಿಯೇ ಬಂದವರು. ಆನೆ ಗೆರೆ ಎಳೆದಂತೆ ನೇರ ನಡೆಯಿತು. ಯಾರೂ ಕೈ ಮುಗಿಯಲಿಲ್ಲ. ಒಬ್ಬರು ಮರುಕದಿಂದ, "ಪಾಪ, ಕೆಟ್ಟುಹೋಯ್ತಾ?" ಎಂದರು.

ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಿನ್ನೆ ಹೇಗೆ ಕೆಡಿಸಿದ್ರೋ ಹಾಗೇ ಕೆಡಿಸಿ ಕೊಡಿ. ಟೇಬಲ್ ನೀವೇ ಇಟ್ಕೊಳಿ."