ಭಾವನವರ ಚುಕ್ಕಿ ಆಪರೇಷನ್

ನಮ್ಮ ಭಾವನವರು ಚಿತ್ರ ಬರೆಯುವುದಿಲ್ಲ, ಚಿತ್ರಕ್ಕೆ ಆಪರೇಷನ್ ಮಾಡುತ್ತಾರೆ! ಸುಳ್ಳೆನಿಸಿದರೆ ಯಾವುದಾದರೂ ಭಾನುವಾರ ಆಡಮ್ಸ್‌ಟೌನ್‌ನಲ್ಲಿರುವ ನಮ್ಮಕ್ಕನ ಮನೆಗೆ ಬನ್ನಿ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳದೆ ಭಾವನ ಕೋಣೆಗೆ ಕಾಲಿಡುವಂತಿಲ್ಲ. ಕ್ಯಾನ್ವಾಸಿಗೆ ಹಸಿರು ಬಟ್ಟೆ ಹೊದಿಸಿರುತ್ತಾರೆ, ನಡುವೆ ಅಂಗೈಯಗಲದ ಕಿಂಡಿ. ಆ ಕಿಂಡಿಯಲ್ಲಿ ಕಂಡಷ್ಟಕ್ಕೇ ಆ ದಿನ ಚುಕ್ಕಿ ಇಡುವುದು.

ನಗಿ, ನಾನೂ ನಕ್ಕಿದ್ದೇನೆ. ಆದರೆ ವಿಷಯ ತಿಳಿದು ನಗಿ. ಭಾವ ನೇಸ್‌ನ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದವರು. ಬಲಗೈ ನಡುಗಲು ಶುರುವಾದಾಗ, ಯಾರೂ ಹೇಳುವ ಮೊದಲೇ ತಾವಾಗಿ ಆಪರೇಷನ್ ನಿಲ್ಲಿಸಿದರು. ಪಾರ್ಕಿನ್ಸನ್ಸ್. ವಾಸಿಯಾಗುವಂಥದ್ದಲ್ಲ ಎಂದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಚಳಿಗಾಲವೆಲ್ಲ ಕಿಟಕಿ ಪಕ್ಕವೇ ಕೂತರು.

ಕೊನೆಗೆ ಅಕ್ಕ ಅವರನ್ನು ಚಿತ್ರಕಲೆಯ ಕ್ಲಾಸಿಗೆ ದಬ್ಬಿದಳು. ಅಲ್ಲಿನ ಟೀಚರ್ ಅವರ ಕೈ ನೋಡಿ, ಗೆರೆ ಎಳೆಯುವುದೇ ಬೇಡ, ಬರೀ ಚುಕ್ಕಿಯಲ್ಲೂ ಚಿತ್ರವಾಗುತ್ತದೆ ಎಂದರಂತೆ. ನಕಲು ಮಾಡಲು ಒಂದು ತೋಟದ ಚಿತ್ರ ಕೊಟ್ಟರು. ಮರ, ಕೊಳ, ಟೋಪಿಯ ಗಂಡಸರು, ಕೊಡೆ ಹಿಡಿದ ಹೆಂಗಸು. ಇದೊಂದನ್ನಾದರೂ ಈ ಕೈಯಲ್ಲೇ ಮುಗಿಸಬೇಕೆಂದು ಭಾವ ಹಟ ಹಿಡಿದರು.

ದಿನಕ್ಕೊಂದು ಕಿಂಡಿಯಾದರೆ ಏನಾಗಬೇಕು? ಬಟ್ಟೆ ಜರುಗಿ, ಟೋಪಿಯವನ ತಲೆ ಭುಜ ಬಿಟ್ಟು ಪಕ್ಕದ ಮರ ಹತ್ತಿತು!

"ರೀ, ಇವನ ತಲೆ ಎಲ್ಲಿಟ್ಟಿದೀರಿ?" ಎಂದಳು ಅಕ್ಕ.

"ಗಾಬರಿ ಆಗ್ಬೇಡ. ಪೇಷಂಟ್ ಸ್ಟೇಬಲ್ ಆಗಿದಾನೆ."

ಹಳದಿ, ನೀಲಿ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟರೆ ದೂರದಿಂದ ಹಸಿರು ಕಾಣುತ್ತದಂತೆ. ಎಷ್ಟು ದೂರದಿಂದ? ನನ್ನ ಗಂಡನನ್ನು ಹಿಂದೆ ಹೋಗು, ಇನ್ನೂ ಹಿಂದೆ ಹೋಗು ಎನ್ನುತ್ತ ಹಿತ್ತಿಲ ಬಾಗಿಲು ದಾಟಿಸಿ ಮಳೆಗೆ ನಿಲ್ಲಿಸಿದರು. ಆ ಪಾಪದ ಮನುಷ್ಯ ತೊಯ್ದು ತೊಪ್ಪೆಯಾಗಿ, ಏನೂ ಕಾಣದೆಯೇ, ಗ್ರ್ಯಾಂಡ್ ಆಗಿದೆ ಎಂದು ಕೂಗಿದರು. ಭಾವನಿಗೆ ಪರಮಾನಂದ!

ಹೋದ ಭಾನುವಾರ ನಾನು ಹೋದಾಗ ಕೊಡೆ ಹಿಡಿದವಳ ಮುಖ ಮಾತ್ರ ಉಳಿದಿತ್ತು. ಅಂದು ಕೈ ಮಾತೇ ಕೇಳುತ್ತಿರಲಿಲ್ಲ. ಕುಂಚ ಮುಖಕ್ಕೆ ಹೋಗುವುದು, ಕೊಡೆಗೆ ತಗಲುವುದು. ಕೊನೆಗೆ ಚುಕ್ಕಿ ಇಡಲು ಹೋಗಿ ಅವಳ ಕೆನ್ನೆಯುದ್ದಕ್ಕೂ ಕೆಂಪು ಗೆರೆ ಎಳೆದುಬಿಟ್ಟರು. ಏನಾದರೂ ತಮಾಷೆ ಮಾಡಿಯಾರೆಂದು ಕಾದೆ.

"ಈ ಕೈಯಿಂದ ಎಷ್ಟೋ ಜನರನ್ನ ಉಳಿಸಿದೀನಿ ಕಣೆ," ಎಂದರು ನನಗೆ. "ಈಗ ಒಂದು ಮುಖ ಮಾಡಕ್ಕಾಗ್ತಿಲ್ಲ."

ಅಡುಗೆಮನೆಯಿಂದ ಅಕ್ಕ ಬಂದಳು. ಭಾವ ತಟಕ್ಕನೆ ಕೈಯನ್ನು ಜೇಬಿಗೆ ತುರುಕಿದರು. ಕಾಯಿಲೆ ಬಂದಾಗಿನಿಂದ ಆ ಕೈಯನ್ನು ಅವಳಿಗೆ ಮುಟ್ಟಲು ಕೊಟ್ಟವರಲ್ಲ. ಅಕ್ಕ ಪಕ್ಕದಲ್ಲಿ ಕೂತು ಅದನ್ನು ಹೊರಗೆಳೆದಳು. ಕುಂಚ ಹಿಡಿಸಿ, ಮಣಿಕಟ್ಟಿನ ಸುತ್ತ ತನ್ನ ಕೈ ಬಿಗಿದಳು. ಅವಳ ಬಳೆಗಳು ಸಣ್ಣಗೆ ಅಲುಗತೊಡಗಿದವು.

"ಬಿಡೇ," ಎಂದರು ಭಾವ. "ನಿನ್ನ ಕೈನೂ ನಡುಗತ್ತೆ."

"ನಡುಗ್ಲಿ ಬಿಡಿ," ಎಂದಳು ಅಕ್ಕ. "ಇಷ್ಟು ದಿನ ನೀವೊಬ್ರೇ ನಡುಗಿದ್ದು ಸಾಕು."

ಭಾವ ಕೈ ಎಳೆದುಕೊಳ್ಳಲಿಲ್ಲ.