ಅಕ್ಕನಿಗೆ ಎರಡು ಕರೆಯೋಲೆ, ಗಾಡಿ ಮಾತ್ರ ಇಲ್ಲ

“ಈ ಸಲ ನಮ್ಮ ಕಾರ್ಯಕ್ಕ ಯಾರೂ ಯಾರಿಗೂ ಫೋನ್ ಹಚ್ಚಂಗಿಲ್ಲ. ಸಾಫ್ಟ್‌ವೇರ್‌ಗಳೇ ತಮ್ಮ ತಮ್ಮಾಗ ಮಾತಾಡ್ಕೊಂಡು ಎಲ್ಲಾ ಮುಗಿಸ್ತಾವ!”

ಆಳಂದದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಕಲ್ಲಿನಾಥ ಹೀಗೆ ಘೋಷಿಸಿದಾಗ ಅವನ ದನಿಯಲ್ಲಿ ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಗತ್ತಿತ್ತು. ಗತ್ತಿಗೆ ಕಾರಣವೂ ಇತ್ತು. ಕಲಬುರಗಿಯ ಕಂಪನಿಯೊಂದಕ್ಕೆ ಮನೆಯಲ್ಲೇ ಕುಳಿತು ಅವನು ಮಾಡುವ ಕೆಲಸವೇ ಅದು. ಆಸ್ಪತ್ರೆಯ ಸಾಫ್ಟ್‌ವೇರ್ ಯಾರನ್ನು ‘ರೋಗಿ’ ಎನ್ನುತ್ತದೋ, ವಿಮೆಯ ಸಾಫ್ಟ್‌ವೇರ್ ಅವರನ್ನೇ ‘ಗ್ರಾಹಕ’ ಎನ್ನುತ್ತದೆ. ಅಪ್ಪಾ, ಇಬ್ಬರೂ ಒಬ್ಬರೇ ಕಣ್ರಪ್ಪಾ ಎಂದು ಆ ಎರಡು ಮೊದ್ದು ಯಂತ್ರಗಳಿಗೆ ತಿಳಿಹೇಳುವ ಪುಣ್ಯಾತ್ಮ ಇವನು!

ಕಾರ್ಯವೆಂದರೆ ಹೆಂಡತಿ ಐಶ್ವರ್ಯಾಳ ಕುಬುಸ. ಏಳು ತಿಂಗಳ ಬಸುರಿಗೆ ತವರಿನಿಂದ ತಾಯಿ ಹಸಿರು ಸೀರೆ, ಹಸಿರು ಬಳೆ ತಂದು ತೊಡಿಸಿದರೇ ಅದು ಕುಬುಸ. ತಾಯಿ ಬಾರದಿದ್ದರೆ ಬರೀ ಊಟ.

“ಮಾಮಾ, ನಮ್ಮವ್ವಗಾದ್ರೂ ಒಂದು ಫೋನ್ ಹಚ್ಚರಿ,” ಎಂದಳು ಐಶ್ವರ್ಯಾ.

“ನಿಮ್ಮವ್ವ ನನಗ ಯಾರು? ಅಕ್ಕ! ನಮ್ಮಕ್ಕನ ಬಗ್ಗೆ ನೀ ನನಗ ಹೇಳ್ತೀ?”

ಹೌದು, ಐಶ್ವರ್ಯಾ ಅವನ ಸ್ವಂತ ಅಕ್ಕ ಶಿವಕಾಂತಾಳ ಮಗಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ಆ ಕಡೆ ಹೊಸತೇನಲ್ಲ. ಕಲ್ಲಿನಾಥ ಐದು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಆಗಷ್ಟೇ ಮದುವೆಯಾಗಿದ್ದ ಅಕ್ಕ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡೇ ಗಂಡನ ಊರು ಅತನೂರಿಗೆ ಹೋದಳು. ಅವನು ಉಂಡು ಬೆಳೆದದ್ದು ಅವಳ ಕೈಯಿಂದಲೇ.

ಕಲ್ಲಿನಾಥ ಕೆಲಸಕ್ಕೆ ಕುಳಿತ. ತನ್ನ ಫೋನಿನ ಬಂಧುಗಳ ಪಟ್ಟಿ, ಹೆಂಡತಿಯ ಫೋನಿನ ಪಟ್ಟಿ, ಎರಡನ್ನೂ ಜೋಡಿಸಿದ. ಜೋಡಿಸಿದ್ದನ್ನು ಅಡುಗೆಯ ದೇವಿಂದ್ರಪ್ಪನ ಆ್ಯಪಿಗೂ, ಊರೂರಿನಿಂದ ಬಂಧುಗಳನ್ನು ಕರೆತರುವ ಕ್ರೂಸರ್ ಗಾಡಿಯ ಫರ್ದೀನನ ಬುಕಿಂಗ್ ಆ್ಯಪಿಗೂ ಕಟ್ಟಿದ. ಗುಂಡಿ ಒತ್ತಿದ. ಹತ್ತು ನಿಮಿಷಕ್ಕೆ ದೇವಿಂದ್ರಪ್ಪನ ಫೋನು ಬಂತು.

“ಸರ, ಮುನ್ನೂರು ಮಂದಿ ಅಂತ ಬಂದದ. ಹೋಳಿಗಿ ಒಲಿ ಮ್ಯಾಲ ಮಾಡೂದೋ, ಕಾರ್ಖಾನಿ ಹಾಕೂದೋ?”

ನಡೆದದ್ದಿಷ್ಟು. ಸಾಫ್ಟ್‌ವೇರ್ ಗಂಡನ ಕಡೆಯವರು ನೂರೈವತ್ತು, ಹೆಂಡತಿಯ ಕಡೆಯವರು ನೂರೈವತ್ತು ಎಂದು ಕೂಡಿಸಿತ್ತು. ಆದರೆ ಈ ಮನೆಯಲ್ಲಿ ಎರಡೂ ಕಡೆಯವರು ಅವರೇ! ಸರಸಂಬಾದಿಂದ ಜೇವರ್ಗಿಯವರೆಗೆ ಪ್ರತಿಯೊಬ್ಬ ಬಂಧುವಿಗೂ ಎರಡೆರಡು ಕರೆಯೋಲೆ ಹೋಗಿದ್ದವು. ಅಕ್ಕನೂ ಫೋನು ಮಾಡಿದಳು.

“ಕಲ್ಲ್ಯಾ, ಒಂದ್ರಾಗ ‘ಅಕ್ಕಾ ಬಾ’ ಅಂತದ, ಇನ್ನೊಂದ್ರಾಗ ‘ಅವ್ವಾ ಬಾ’ ಅಂತದ. ನಾ ಊಟಕ್ಕ ಎರಡು ಪಂಕ್ತಿ ಕೂಡಬೇಕೇನಲೇ?”

“ಇಲ್ಲಕ್ಕಾ, ಈಗ ಸರಿ ಮಾಡ್ತೇನಿ!”

ಮಾಡಿದ. ಗಂಡನ ಅಣ್ಣನೆಂದರೆ ಹೆಂಡತಿಯ ಸೋದರಮಾವ, ಗಂಡನ ಅತ್ತಿಗೆಯೆಂದರೆ ಹೆಂಡತಿಯ ಸೋದರತ್ತೆ ಎಂದು ಒಂದೊಂದೇ ಸಂಬಂಧ ಹೊಂದಿಸಿ ದೊಡ್ಡ ಕೋಷ್ಟಕ ಬರೆದ. ಬೆವರು ಸುರಿಯಿತು. ಬರೆಯದೆ ಉಳಿದದ್ದಕ್ಕೆ ಕಂಪನಿಯ ಸಿದ್ಧ ನಿಯಮಗಳನ್ನೇ ಎತ್ತಿ ಹಾಕಿದ. ಅಕ್ಕನ ಹೆಸರಿಗೆ ಒಂದು ಸಾಲು ಬರೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಬರೆದಿಡುತ್ತಾರೆಯೇ?

“ನೋಡು! ಮುನ್ನೂರಿದ್ದದ್ದು ನೂರಾ ನಲವತ್ತೊಂಬತ್ತಕ್ಕ ಇಳೀತು!”

“ನೂರೈವತ್ತು ಆಗಬೇಕಿತ್ತಲ್ರಿ?”

“ಒಂದು ಯಾವುದೋ ರಾಂಗ್ ನಂಬರ್ ಇತ್ತು. ತೆಗೆದು ಒಗದದ ಬಿಡು.”

ಕುಬುಸದ ದಿನ ಮನೆ ತುಂಬ ಹೆಂಗಸರು. ಐಶ್ವರ್ಯಾ ಮಣೆಯ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಅಫಜಲಪುರದ ಕಡೆಯ ಕ್ರೂಸರ್ ಬಂತು. ಸೊನ್ನದ ಬೀಗರು ಇಳಿದರು, ಅತನೂರಿನ ನೆರೆಮನೆಯವರೂ ಇಳಿದರು. ಅಕ್ಕ ಇಳಿಯಲಿಲ್ಲ.

“ಫರ್ದೀನ, ಅಕ್ಕ ಎಲ್ಲಿ?”

“ನನ್ನ ಲಿಸ್ಟ್‌ನ್ಯಾಗ ಅವರ ಹೆಸರೇ ಇಲ್ರಿ, ಭಾಯಿ!”

ಕಲ್ಲಿನಾಥ ಲ್ಯಾಪ್‌ಟಾಪ್ ತೆರೆದ. ಕೆಂಪು ಅಕ್ಷರದಲ್ಲಿ ಒಂದೇ ಒಂದು ಸಾಲಿತ್ತು: ‘ಶಿವಕಾಂತಾ. ಗಂಡನ ಅಕ್ಕ, ಹೆಂಡತಿಯ ತಾಯಿ. ಇಂಥ ವ್ಯಕ್ತಿ ಅಸಾಧ್ಯ. ತೆಗೆದುಹಾಕಲಾಗಿದೆ.’ ಅದರ ಕೆಳಗೆ ಅಕ್ಕನಿಗೆ ಹೋದ ಸಂದೇಶ: ‘ತಮ್ಮ ಗುರುತು ಖಚಿತವಾಗದ ಕಾರಣ ತಮ್ಮ ಗಾಡಿ ರದ್ದಾಗಿದೆ. ವಿಷಾದಿಸುತ್ತೇವೆ.’

ಜಗತ್ತಿನಲ್ಲಿ ಯಾರ ಗುರುತು ತಪ್ಪಿದರೂ ಸರಿ, ಬಗಲಲ್ಲಿ ಹೊತ್ತು ಸಾಕಿದವಳದ್ದೇ ತಪ್ಪಬೇಕೆ! ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಒಳಗಿನಿಂದ ಐಶ್ವರ್ಯಾ, “ಮಾಮಾ, ಅವ್ವ ಬರ್ತಾಳಿಲ್ಲೋ?” ಎಂದು ಅಳುವ ದನಿಯಲ್ಲಿ ಕೇಳಿದಳು. ಅವನು ಬರಿಗಾಲಲ್ಲೇ ಬೀದಿಗೆ ಓಡಿ ಬಂದ.

ಓಣಿಯ ತಿರುವಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಶಿವಕಾಂತಾ ನಡೆದು ಬರುತ್ತಿದ್ದಳು! ಕಲ್ಲಿನಾಥ ನಡುಬೀದಿಯಲ್ಲೇ ಅವಳ ಕಾಲು ಹಿಡಿದ.

“ತಪ್ಪಾತು ಅಕ್ಕಾ! ನೀ ಅಕ್ಕನೋ ಅತ್ತಿಯೋ ಅಂತ ಅದಕ್ಕ ತಿಳೀಲಿಲ್ಲ...”

“ಅದಕ್ಕ ತಿಳೀಲಿಲ್ಲ ಸರಿ, ನಿನಗೇನಾಗಿತ್ತಲೇ? ಏಳು, ಮಂದಿ ನೋಡಾಕತ್ತಾರ. ಗಾಡಿ ರದ್ದಾದ್ರ ನನ್ನ ಮಗಳ ಕುಬುಸ ರದ್ದಾಗ್ತದೇನು? ಎರಡು ಬಸ್ಸು ಬದಲಿಸಿ ಬಂದೆ. ಬಸ್ಸಿನ ಗದ್ದಲದಾಗ ಫೋನ್ ಕೇಳಿಸಲಿಲ್ಲ.”

ಮನೆ ಬಾಗಿಲು ಮುಟ್ಟಿದಾಗ ಒಳಗಿನಿಂದ “ಅವ್ವಾ!” ಎಂದು ಐಶ್ವರ್ಯಾ ಕೂಗುವುದಕ್ಕೂ, ಬುಟ್ಟಿ ಇಳಿಸಿಕೊಳ್ಳಲು ಕಲ್ಲಿನಾಥ “ಅಕ್ಕಾ” ಎನ್ನುವುದಕ್ಕೂ ಸರಿಹೋಯಿತು. ಶಿವಕಾಂತಾ ಒಂದೇ ಸಲ “ಓ” ಎಂದಳು. ಇಬ್ಬರಿಗೂ ಅಷ್ಟು ಸಾಕಾಯಿತು. ಇಪ್ಪತ್ತೇಳು ವರ್ಷದಿಂದ ತಾನು ಬದುಕಿದ್ದೇ ಈ ‘ಓ’ ನಂಬಿಕೊಂಡು ಎನಿಸಿ ಕಲ್ಲಿನಾಥನ ಕಣ್ಣು ತುಂಬಿತು. ಎಂಥ ಪುಣ್ಯ ಮಾಡಿದ್ದೆನಪ್ಪಾ ಎಂದುಕೊಂಡ.

“ಅಳೂದು ಆಮ್ಯಾಲ ಅಳು,” ಎಂದಳು ಅಕ್ಕ. “ನಿಮ್ಮ ಭಾವ ತೊಗರಿ ರಾಶಿ ಬಿಟ್ಟು ಬರಲಿಲ್ಲ. ಎರಡು ಬುಟ್ಟಿ ಒಬ್ಬಾಕಿಗೆ ಹೊರಾಕ ಆಗಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಬಾಳೆಹಣ್ಣು ಮಾರೋ ಸಾಬಮ್ಮನ ಹತ್ರ ಹಸಿರು ಬಳಿ ಬುಟ್ಟಿ ಇಟ್ಟೇನಿ. ಓಡಿ ತಗೊಂಡು ಬಾ.”

ಕಲ್ಲಿನಾಥ ಹಾಗೇ ಓಡಿದ. ಸಾಬಮ್ಮನ ಮುಂದೆ ನಿಂತು ಏದುಸಿರು ಬಿಡುತ್ತ, “ನಾನು... ಶಿವಕಾಂತಾ ಅವರ...” ಎಂದವನು ಅಲ್ಲಿಗೇ ನಿಂತ. ತಮ್ಮ ಎನ್ನಲೋ, ಅಳಿಯ ಎನ್ನಲೋ, ಮಗ ಎನ್ನಲೋ?

ಸಾಬಮ್ಮ ಬುಟ್ಟಿ ಎತ್ತಿ ಅವನ ಕೈಗಿಟ್ಟಳು.

“ನೀವೇ ಬಿಡ್ರಿ. ‘ಕಾಲಾಗ ಚಪ್ಪಲ್ ಇರಂಗಿಲ್ಲ, ಕಣ್ಣಾಗ ನೀರಿರ್ತದ, ತಾ ಯಾರಂತ ಹೇಳಾಕ ಬರಂಗಿಲ್ಲ, ಅಂಥಾ ಶ್ಯಾಣ್ಯಾಗ ಕೊಡು’ ಅಂತ ಹೇಳೇ ಹೋಗ್ಯಾರ!”