ನನ್ನ ಮುಖದ ಜಾಗದಲ್ಲಿ ಭೀಮ್ಯಾ

ನಾನು ಹಟಮಾರಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಮನೆಯವರೇ ನಿಮಗೆ ಉದಾಹರಣೆ ಸಮೇತ ಹೇಳುತ್ತಾರೆ. ಎಮ್ಮೆಯ ಬಾಯಿಗೆ ಗುಳಿಗೆ ಹಾಕಲು ಹೋದವಳು ಹಾಕದೆ ಬಂದದ್ದಿಲ್ಲ. ಅದು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುತ್ತದೋ ಅದಕ್ಕಿಂತ ಒಂದು ನಿಮಿಷ ಹೆಚ್ಚು ನಾನು ನಿಲ್ಲುತ್ತೇನೆ. ಅದು ನನ್ನ ಕೆಲಸ. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ ನಾನು ಡಾಕ್ಟರು. ಇಂಥ ನಾನು ವಾಟ್ಸಾಪಿನ ಡಿಪಿಗೆ, ಅಂದರೆ ಹೆಸರಿನ ಪಕ್ಕ ಕಾಣುವ ಆ ದುಂಡನೆಯ ಚಿತ್ರಕ್ಕೆ, ನನ್ನ ಸ್ವಂತ ಮುಖ ಹಾಕಲು ಏಳು ವರ್ಷ ತೆಗೆದುಕೊಂಡೆ. ಮೊದಲ ಮೂರು ವರ್ಷ ಅಲ್ಲಿ ನಮ್ಮ ಮನೆಯವರು ಹಾಕಿಕೊಟ್ಟ ಒಂದು ಗುಲಾಬಿ ಹೂವಿತ್ತು. ಆಮೇಲಿನ ನಾಲ್ಕು ವರ್ಷ ನಮ್ಮ ನಾಯಿ ಭೀಮ್ಯಾ ಇದ್ದ.

ನಮ್ಮವರು ಘಟಪ್ರಭೆಯಲ್ಲಿ ಹೈಸ್ಕೂಲ್ ಮಾಸ್ತರು. ಕೆಟ್ಟವರೇನಲ್ಲ. ಬೆಳಿಗ್ಗೆ ನಾನು ಬಸ್ಸಿಗೆ ಓಡುವಾಗ ಚಹಾ ಅವರೇ ಮಾಡುತ್ತಾರೆ. ಚಹಾ ಕೆಟ್ಟದಾಗಿರುತ್ತದೆ, ಅದು ಬೇರೆ ಮಾತು. ಆದರೆ ಫೋಟೋದ ವಿಷಯ ಬಂದರೆ ಅವರೊಳಗಿನ ಮಾಸ್ತರು ಎದ್ದು ನಿಲ್ಲುತ್ತಾರೆ. "ಹೆಣಮಕ್ಕಳು ಫೋಟೋ ನೆಟ್‌ನ್ಯಾಗ ಹಾಕಬಾರದು. ಯಾರ ಕೈಗೆ ಸಿಗತೈತೋ, ಏನ ಮಾಡತಾರೋ, ಯಾರಿಗ ಗೊತ್ತು?" ಭಯ ಸುಳ್ಳಲ್ಲ, ಅಂಥ ಸುದ್ದಿ ನಾನೂ ಓದಿದ್ದೇನೆ. ಅದಕ್ಕೇ ಏಳು ವರ್ಷ ಸುಮ್ಮನಿದ್ದೆ. ಆದರೆ ಅವರ ಡಿಪಿಯಲ್ಲಿ ಗೋಕಾಕ ಫಾಲ್ಸಿನ ಮುಂದೆ ಕರಿ ಚಸ್ಮಾ ಹಾಕಿ, ಎರಡೂ ಕೈ ಚಾಚಿ, ಹೊಳೆಯನ್ನು ತಾವೇ ಇಳಿಸುತ್ತಿರುವಂತೆ ಅವರು ನಿಂತಿದ್ದಾರೆ. "ಮತ್ತ ನಿಮ್ದು?" ಎಂದು ಕೇಳಿದೆ. "ನಂದ ಬ್ಯಾರೆ. ಗಂಡಸರ ಫೋಟೋ ತಗೊಂಡ ಯಾರ ಏನ ಮಾಡತಾರ?" ಎಂದರು. ಆ ಫೋಟೋ ನೋಡಿದ ಮೇಲೆ ನನಗೂ ಹಾಗೇ ಅನಿಸಿತು.

ಮುಖವಿಲ್ಲದ ಡಾಕ್ಟರಾಗಿ ನಾನು ಪಟ್ಟ ಪಾಡು ಕೇಳಿ. ನಮ್ಮ ಕಡೆಯ ರೈತರು ಈಗ ದನಕ್ಕೆ ಏನಾದರೂ ಆದರೆ ಮೊದಲು ಫೋಟೋ ಕಳಿಸುತ್ತಾರೆ. ಕಣ್ಣು, ಗೊರಸು, ಕೆಚ್ಚಲು, ಸಗಣಿ. ಬೇರೆ ಹೆಂಗಸರ ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ಇರುತ್ತವೆ, ನನ್ನದರಲ್ಲಿ ಸಗಣಿಯದ್ದೇ ನಾನೂರು ಇವೆ. ಫೋಟೋ ಕಳಿಸಿ ಫೋನು ಹಚ್ಚುತ್ತಾರೆ. ನಾನು ಎತ್ತಿ ಹಲೋ ಎಂದರೆ, "ಅಕ್ಕಾರ, ಡಾಕ್ಟರ್ ಸಾಹೇಬ್ರಿಗೆ ಕೊಡ್ರಿ" ಎನ್ನುತ್ತಾರೆ. ಮೂಡಲಗಿ ಕಡೆಯ ಕುರಿಗಾರನೊಬ್ಬ ಹಿಂಡು ಹೊಡೆದುಕೊಂಡು ನಮ್ಮ ಸೀಮೆಗೆ ಬಂದಾಗಲೆಲ್ಲ ಮೆಸೇಜಿನಲ್ಲೇ ಔಷಧ ಕೇಳಿಕೊಂಡು, ಪ್ರತಿ ಸಲ "ಹೂನ್ರಿ ಸರ್" ಎಂದು ಬರೆಯುತ್ತಿದ್ದ. ಒಂದು ದಿನ ಟಗರು ಹೊತ್ತುಕೊಂಡು ಖುದ್ದಾಗಿ ಬಂದ. ನಾನು ನೋಡಿದೆ, ಸೂಜಿ ಮಾಡಿದೆ, ಗಾಯ ತೊಳೆದು ಕಟ್ಟಿದೆ. ಎಲ್ಲ ಮುಗಿದ ಮೇಲೆ ಆತ ಕಟ್ಟೆಯ ಮೇಲೆ ಕೂತು, "ಸರ್ ಯಾವಾಗ ಬರತಾರ್ರಿ?" ಎಂದು ಕೇಳಿದ. "ಸರ್ ಅಂದ್ರ ನಾನಽ ಅದೇನಿ" ಎಂದೆ. ಆತ ತನ್ನ ಫೋನಿನಲ್ಲಿದ್ದ ಭೀಮ್ಯಾನನ್ನು ನೋಡಿದ, ನನ್ನನ್ನು ನೋಡಿದ. ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ಆತನಿಗೆ ತಿಳಿಯಲಿಲ್ಲ.

ಇನ್ನು ಭೀಮ್ಯಾನ ಬಗ್ಗೆ. ನನಗೆ ಬೆಕ್ಕು ಬೇಕಾಗಿತ್ತು. "ಬೆಕ್ಕ ಅಂದ್ರ ಹೆಂಗಸರ ಪ್ರಾಣಿ. ಮನ್ಯಾಗ ಬ್ಯಾಟಿ ನಾಯಿ ಇರಬೇಕು" ಎಂದು ನಮ್ಮವರು ಬಡಕಲು ಹೊಟ್ಟೆಯ, ಉದ್ದ ಮೂತಿಯ ಈ ಬೇಟೆನಾಯಿಯನ್ನು ತಂದರು. ಬೇಟೆನಾಯಿಗೆ ಕುಕ್ಕರಿನ ಸೀಟಿ ಎಂದರೆ ಪ್ರಾಣಭಯ. ಮೂರನೆಯ ಸೀಟಿಗೆ ಅತ್ತೆಯ ಮಂಚದ ಕೆಳಗೆ ಸೇರಿ, ಅವರ ಹಳೆಯ ಸೀರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಅವನಿಗೆ ಮರಿಯಾಗದ ಆಪರೇಷನ್ನನ್ನೂ ನಾನೇ ಮಾಡಿದ್ದೇನೆ. ಆಗ ಮಾತ್ರ ನಮ್ಮವರು ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ, "ಆದದ್ದು ಆತು. ಯಾರ ಮುಂದೂ ಹೇಳಬ್ಯಾಡ, ಅದರ ಮರ್ಯಾದಿ ಪ್ರಶ್ನಿ" ಎಂದರು. ಯಾರ ಮರ್ಯಾದೆ ಎಂದು ನಾನು ಕೇಳಲಿಲ್ಲ. ಆದರೆ ಡಿಪಿಯಲ್ಲಿ ಎದೆ ಸೆಟೆಸಿ ನಿಂತ ಭೀಮ್ಯಾನನ್ನು ನೋಡಿ ಗೋಕಾಕದಿಂದ ಎರಡು, ಸಂಕೇಶ್ವರದಿಂದ ಒಂದು ಸಂಬಂಧ ಬಂದವು. ನಮ್ಮವರು ಹಿಗ್ಗಿ, "ಸದ್ಯ ಅವಗ ಮನಸ್ಸಿಲ್ರಿ" ಎಂದು ಮೂವರಿಗೂ ಹೇಳಿದರು.

ಹೋದ ತಿಂಗಳು ಒಬ್ಬ ರೈತ ನನಗೊಂದು ಜಾಹೀರಾತು ಕಳಿಸಿ, ಮರಿ ಕೊಳ್ಳಬಹುದೇ ಎಂದು ಕೇಳಿದ. ಅಸಲಿ ಬೇಟೆನಾಯಿಯ ಮರಿಗಳು ಮಾರಾಟಕ್ಕಿವೆ, ತಂದೆಯನ್ನು ಫೋಟೋದಲ್ಲಿ ನೋಡಿ ಎಂದು ಅದರಲ್ಲಿತ್ತು. ತಂದೆ ಭೀಮ್ಯಾ. ಅದೇ ಹರಿದ ಎಡಗಿವಿ, ಅದೇ ನಮ್ಮ ಬಾಗಿಲು, ಬಾಗಿಲ ಪಕ್ಕ ನನ್ನದೇ ಚಪ್ಪಲಿ. ನನ್ನ ಡಿಪಿಯಿಂದ ಯಾರೋ ಎತ್ತಿಕೊಂಡಿದ್ದರು. ನಮ್ಮವರಿಗೆ ತೋರಿಸಿದೆ. ಅವರು ಊಟದ ತಟ್ಟೆ ಬಿಟ್ಟು ಎದ್ದರು. "ಕೇಳಲಿಲ್ಲ, ಹೇಳಲಿಲ್ಲ, ನಮ್ಮ ಭೀಮ್ಯಾನ ಫೋಟೋ ಹೆಂಗ ತಗೊಂಡ್ರು? ಇವರನ್ನ ಬಿಡೂದಿಲ್ಲ ನಾ. ಈಗಽ ಬರೀತೇನಿ, ಇದ ಸುಳ್ಳ ಅಂತ." ಬರೆಯಲು ಕೂತರು. ಸುಳ್ಳು ಏಕೆ ಎಂದು ಬರೆಯಬೇಕಲ್ಲ. ಬರೆದರೆ ಆಪರೇಷನ್ನಿನ ಗುಟ್ಟು ಹೊರಬೀಳುತ್ತದೆ. ಬೆರಳು ಫೋನಿನ ಮೇಲೆ ಅಲ್ಲೇ ನಿಂತಿತು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಸಿಟ್ಟೇ ಹೆಚ್ಚು. "ಹಂಗಾರ ಭೀಮ್ಯಾಗೂ ಒಂದು ಗುಲಾಬಿ ಹೂವ ಹಾಕೂಣೇನ್ರಿ?" ಎಂದೆ. "ಅಂವಾ ಏನ ತಪ್ಪ ಮಾಡ್ಯಾನ? ಕದ್ದಂವಂದು ತಪ್ಪು" ಎಂದರು. "ಹೌದಲ್ಲ? ನಾಯಿ ಫೋಟೋ ಕದ್ದರ ಕದ್ದಂವಂದು ತಪ್ಪು. ನಂದು ಕದ್ದರ ಹಾಕಿದಾಕಿದು ತಪ್ಪು. ಇದ್ಯಾವ ಲೆಕ್ಕ ಹೇಳ್ರಿ ಮಾಸ್ತರ?" ಅವರು ಮತ್ತೆ ತಟ್ಟೆಯ ಮುಂದೆ ಕೂತರು. ಅತ್ತೆ ತಿರುಗಿ ಬೀಳುತ್ತಾರೆಂದು ನಾನು ಅವರಿಗೂ ಒಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅದು ವ್ಯರ್ಥವಾಯಿತು. ಅವರು ರೊಟ್ಟಿ ಮುರಿಯುತ್ತ, "ಹಾಕಲಿ ಬಿಡೋ ತಮ್ಮಾ. ಆಧಾರ್ ಕಾರ್ಡಿನ್ಯಾಗ ನನ್ನ ಫೋಟೋ ಎಲ್ಲಾ ಆಫೀಸಿನ್ಯಾಗೂ ತಿರಗೇತಿ. ಯಾರೂ ಎತ್ಕೊಂಡ ಹೋಗಿಲ್ಲ" ಎಂದರು.

ನಿರ್ಧಾರವಾಯಿತು. ಮರುದಿನ ದವಾಖಾನೆಗೆ ಒಬ್ಬ ಹೆಂಗಸು ತನ್ನ ಎಮ್ಮೆಯನ್ನು ಹೊಡೆದುಕೊಂಡು ಬಂದಿದ್ದಳು. ಏಳು ವರ್ಷದಿಂದ ಬರುವಾಕೆ. ಆ ಎಮ್ಮೆ ಒಮ್ಮೆ ನನ್ನ ಮೊಣಕಾಲಿಗೆ ಒದ್ದು ಎಂಟು ದಿನ ಮಲಗಿಸಿತ್ತು. ಆಕೆಯ ಕೈಗೆ ಫೋನು ಕೊಟ್ಟು, ಎಮ್ಮೆಯ ಕತ್ತಿನ ಮೇಲೆ ಕೈಯಿಟ್ಟು ನಿಂತೆ. ಕೂದಲು ಕೆದರಿತ್ತು, ತೋಳಿಗೆ ಸಗಣಿ ಹತ್ತಿತ್ತು. "ಸ್ವಲ್ಪ ನಗ್ರಿ ಅಕ್ಕಾರ, ಎಮ್ಮಿಗಿ ಸೂಜಿ ಮಾಡೂ ಮಾರಿ ಮಾಡಬ್ಯಾಡ್ರಿ" ಎಂದಳು. ನಕ್ಕೆ. ಅಲ್ಲೇ ನಿಂತು ಭೀಮ್ಯಾನನ್ನು ಇಳಿಸಿ ನನ್ನನ್ನು ಏರಿಸಿದೆ. ಹತ್ತು ನಿಮಿಷದಲ್ಲಿ ಮೊದಲ ಮೆಸೇಜು ಬಂತು, ಮೂಡಲಗಿಯ ಆ ಕುರಿಗಾರನದ್ದೇ: "ಮೇಡಂ, ಎಮ್ಮಿ ಭಾಳ ಚಲೋ ಐತ್ರಿ. ಎಷ್ಟ ಹಾಲ ಕೊಡತೈತಿ?" ಏಳು ವರ್ಷದ ಹೋರಾಟದ ಫಲ ಎಮ್ಮೆಗೆ ಹೋಯಿತು. ಇರಲಿ, ಸರ್ ಹೋಗಿ ಮೇಡಂ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡು, ಗೆದ್ದವಳಂತೆ ಕುರ್ಚಿಯಲ್ಲಿ ಕೂತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಹೆಂಗಸು, "ನನಗೂ ಆ ಫೋಟೋ ಕಳಸ್ರಿ, ನಮ್ಮ ಎಮ್ಮಿ ಭಾಳ ಚಂದ ಬಂದೈತಿ" ಎಂದಳು. "ವಾಟ್ಸಾಪಿನ್ಯಾಗ ಒಂದು ಮಿಸ್ ಕಾಲ್ ಕೊಡವಾ, ಹುಡುಕೂದು ಬ್ಯಾಡ" ಎಂದೆ. ಆಕೆ ತನ್ನ ಫೋನು ಮೇಜಿನ ಮೇಲಿಟ್ಟು ಒತ್ತಿದಳು. ಪಕ್ಕದಲ್ಲಿ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಎರಡೂ ಪರದೆಗಳು ಒಟ್ಟಿಗೆ ಬೆಳಗಿದವು. ಆಕೆಯ ಫೋನಿನಲ್ಲಿ ನನ್ನ ಹೊಸ ಫೋಟೋ, ಅದರ ಮೇಲೆ ಆಕೆ ತನ್ನ ಮಗಳ ಕೈಯಿಂದ ಬರೆಸಿಕೊಂಡ ನನ್ನ ಪೂರ್ತಿ ಹೆಸರು: ಡಾಕ್ಟರ್ ಶೋಭಾ ಅಕ್ಕಾರು. ನನ್ನ ಫೋನಿನಲ್ಲಿ ಆಕೆಯ ಹೆಸರಿನ ಜಾಗದಲ್ಲಿ ನಾನೇ ಬರೆದದ್ದು: ಒದೆಯುವ ಎಮ್ಮೆ.

ಏಳನೇ ಇಯತ್ತೆಯವರೆಗೆ ಓದಿದಾಕೆ. ನಿಧಾನಕ್ಕೆ ಓದಿದಳು. "ಇದು ನಂದಽ ಏನ್ರಿ ಅಕ್ಕಾರ?"

"ಇಲ್ಲವಾ, ಅದು ಎಮ್ಮಿದು" ಎಂದೆ. ಡಾಕ್ಟರಾದ ನನಗೆ ಆ ಕ್ಷಣಕ್ಕೆ ಹೊಳೆದ ಉತ್ತರ ಇಷ್ಟೇ.

"ಎಮ್ಮಿ ಫೋನ ಮಾಡೂದಿಲ್ಲಲ್ರಿ" ಎಂದು ಆಕೆ ನಕ್ಕಳು. ಸಿಟ್ಟಾಗಿದ್ದರೆ ವಾಸಿಯಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ದವಾಖಾನೆಯ ದಾಖಲೆ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಮಾಲೀಕರ ಹೆಸರು ಎಂಬಲ್ಲಿ ಏಳು ವರ್ಷದಿಂದ ಆಕೆಯ ಗಂಡನ ಹೆಸರಿದೆ, ಬರೆದದ್ದು ನನ್ನದೇ ಅಕ್ಷರ. ಆತ ಒಮ್ಮೆಯೂ ಎಮ್ಮೆ ಹೊಡೆದುಕೊಂಡು ಬಂದವನಲ್ಲ. ಫೋನು ತಿರುವುತ್ತ ಹೋದೆ. ಗಂಡಸರಿಗೆಲ್ಲ ಹೆಸರಿತ್ತು, ಅಡ್ಡಹೆಸರಿತ್ತು, ಊರಿತ್ತು. ಹೆಂಗಸರು ಮಾತ್ರ ಕುಂಟ ಆಡು, ಗಬ್ಬದ ಆಕಳು, ಜ್ವರದ ಕೋಳಿ ಎಂದು ಸಾಲಾಗಿ ನಿಂತಿದ್ದರು. ನಮ್ಮವರು ಕನಿಷ್ಠ ಒಂದು ಗುಲಾಬಿ ಹೂವನ್ನಾದರೂ ಕೊಟ್ಟಿದ್ದರು.

"ನಿನ್ನ ಹೆಸರೇನವಾ?" ಎಂದು ಕೇಳಿದೆ. ಆಕೆ ಹೇಳಿದಳು. ಲಗಮವ್ವ.

ಅಂದಿನಿಂದ ದಿನಾ ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಒಬ್ಬೊಬ್ಬರಿಗೆ ಫೋನು ಹಚ್ಚಿ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಎಲ್ಲ ಮುಗಿಸಿಯೇ ತೀರುತ್ತೇನೆ. ನಿನ್ನೆ ಕುಂಟ ಆಡಿಗೆ ಫೋನು ಮಾಡಿದೆ. ಆ ಕಡೆಯಿಂದ ಹೆಣ್ಣು ದನಿ ಹಲೋ ಎಂದಿತು. ನಾನು ಏಳು ವರ್ಷ ಯಾವ ಮಾತಿಗೆ ಮೈ ಉರಿಸಿಕೊಂಡಿದ್ದೆನೋ ಅದೇ ಮಾತು, ನನಗೇ ತಿಳಿಯದಂತೆ, ನನ್ನ ಬಾಯಿಂದಲೇ ಬಂದುಬಿಟ್ಟಿತು: "ಆಡಿನ ಮಾಲಕರಿಗೆ ಕೊಡ್ರಿ."

"ನಾನಽ ಅದೇನ್ರಿ" ಎಂದಳು ಆಕೆ.